ಚುನಾವಣಾಧಿಕಾರಿಗಳೇ, ಫೋನಿನ ಪೋಲ್ ನಿಲ್ಲಿಸಿ

ಕೋಲಾರದ ಜಿಲ್ಲಾ ಚುನಾವಣಾಧಿಕಾರಿಗಳಿಗೆ ನಮಸ್ಕಾರ.

ಜನಪ್ರಾತಿನಿಧ್ಯ ಕಾಯ್ದೆಯ 126ಎ ಕಲಂ ಏನು ಹೇಳುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕೊನೆ ಹಂತದ ಮತದಾನ ಮುಗಿಯುವ ಮುಂಚೆ ಎಕ್ಸಿಟ್ ಪೋಲ್ ಹಾಕಿದರೆ ಎರಡು ವರ್ಷದವರೆಗೆ ಜೈಲು. ಟಿವಿ, ಪೇಪರ್ ಅಷ್ಟೇ ಅಲ್ಲ, ಬೇರೆ ಯಾವ ರೀತಿ ಹರಡಿದರೂ ತಪ್ಪೇ. ಆದರೆ ಈ ಕಾನೂನು ನಮ್ಮೂರಿನ ಫೋನುಗಳಿಗೆ ಇನ್ನೂ ಬಂದು ಮುಟ್ಟಿಲ್ಲ.

2024ರ ಲೋಕಸಭೆ ಚುನಾವಣೆಯಲ್ಲಿ ನಮ್ಮ ಮತದಾನ ಏಪ್ರಿಲ್ 26ಕ್ಕೆ ಮುಗಿಯಿತು. ಎಣಿಕೆ ಜೂನ್ 4ಕ್ಕೆ. ನಡುವಿನ 39 ದಿನ ಡೇರಿ ಮುಂದೆ ಬರೀ ಫೋನಿನ ಪೋಲೇ. ಕ್ಯಾನ್ ಇಳಿಸುವ ಮುಂಚೆ ಫೋನ್ ಆಚೆ ಬರುತ್ತಿತ್ತು. ‘ಯಾರಿಗೆ ಹಾಕಿದ್ರಿ? ಒತ್ತಿ.’ ಸಂಜೆಗೆ ಕರ್ನಾಟಕ ಇಷ್ಟು, ಆಂಧ್ರ ಇಷ್ಟು, ಯುಪಿ ಇಷ್ಟು ಅಂತ ಪಟ್ಟಿ. ನನ್ನ ತಮ್ಮ ಒಬ್ಬನೇ ಮೂರು ನಂಬರಿನಿಂದ ಒತ್ತಿದ್ದ. ಆಮೇಲೆ ಅದೇ ಪಟ್ಟಿ ನಂಬಿ ಬಾಜಿ ಕಟ್ಟಿದ: ಯುಪಿಯಲ್ಲಿ ಬಿಜೆಪಿಗೆ ಎಪ್ಪತ್ತು ಸೀಟು. ಬಂದದ್ದು 33.

ಹೋದದ್ದು ನಮ್ಮ ಹಸು. ಎರಡನೇ ಸೂಲಿನದು, ಎರಡು ಹೊತ್ತಿಗೆ 14 ಲೀಟರ್ ಕೊಡುತ್ತಿತ್ತು. ಗೆದ್ದವನು ಬೆಳಿಗ್ಗೆ ಆರಕ್ಕೇ ಟೆಂಪೋ ತಂದು ನಿಲ್ಲಿಸಿದ. ಅಮ್ಮ ಏನೂ ಮಾತಾಡಲಿಲ್ಲ. ಹಗ್ಗ ಮಾತ್ರ ಬಿಚ್ಚಿ ಇಟ್ಟುಕೊಂಡಳು. ಅದು ಇವತ್ತಿಗೂ ಗೂಟದಲ್ಲೇ ಇದೆ. ತಮ್ಮನದೂ ತಪ್ಪಿದೆ, ಇಲ್ಲ ಅನ್ನಲ್ಲ.

ಬಾಜಿ ವಿಷಯ ಗೊತ್ತಾದ ದಿನವೇ ದೂರು ಕೊಡಲು ಹೋಗಿದ್ದೆ. ಎಲ್ಲಿಗೆ ಅಂತ ಬೇಡ ಬಿಡಿ. ಸಾಹೇಬರು ಪೂರ್ತಿ ಕೇಳಿಸಿಕೊಂಡು, "ಎಲ್ಲಿ, ಆ ಲಿಂಕ್ ನಂಗೂ ಕಳ್ಸಿ" ಅಂದರು. ತನಿಖೆಗೆ ಅಂದುಕೊಂಡು ಕಳಿಸಿದೆ. ನನ್ನೆದುರಿಗೇ ಒತ್ತಿದರು! ಎಂಥ ತನಿಖೆ ಅಲ್ವಾ?

ನಿಲ್ಲಿಸಿ ಸಾರ್. ಮತದಾನ ಶುರುವಾದರೆ ಕೊನೆ ಹಂತದವರೆಗೆ ಈ ಪೋಲ್ ನಿಲ್ಲಿಸಿ.

ಕಾಲೇಜಿಗೆ ಹೋಗುವ ಮಗಳು ಹೇಳುತ್ತಿದ್ದಳು. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಲಿಟರರಿ ಡೈಜೆಸ್ಟ್ ಪತ್ರಿಕೆಯ ಪೋಲಿಗೆ 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂದಿತ್ತಂತೆ, ಲ್ಯಾಂಡನ್ ಗೆಲ್ಲುತ್ತಾರೆ ಅಂದಿತ್ತಂತೆ. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಫೋನು, ಕಾರು ಇದ್ದವರನ್ನೇ ಜಾಸ್ತಿ ಕೇಳಿದ್ದರಂತೆ. ನಮ್ಮಮ್ಮನ ಹತ್ತಿರ ಇರುವುದು ಬಟನ್ ಫೋನು. ಅವಳ ವೋಟು ಯಾವ ಪಟ್ಟಿಯಲ್ಲಿದೆ?

ಈಗ ಗ್ರೂಪಿನಲ್ಲಿ ಹೊಸದು ಬಂದಿದೆ: ‘2028ಕ್ಕೆ ಮಾಲೂರು ಯಾರಿಗೆ?’ 2023ರ ವಿಧಾನಸಭೆ ಚುನಾವಣೆಯಲ್ಲಿ ಇಲ್ಲಿ ಘೋಷಣೆಯಾದ ಗೆಲುವಿನ ಅಂತರ 248 ಮತ. ಅಂಥ ಕ್ಷೇತ್ರದ ಫಲಿತಾಂಶ ಇವರು ಡೇರಿ ಕಟ್ಟೆ ಮೇಲೆ ಕೂತು ಹೇಳುತ್ತಾರಂತೆ.

ಟಿವಿಯವರಿಗೆ ಕೊಡುವ ಎಚ್ಚರಿಕೆ ಗ್ರೂಪ್ ಅಡ್ಮಿನ್‌ಗಳಿಗೂ ಕೊಡಿ. ಒಬ್ಬರ ಮೇಲಾದರೂ ಕೇಸ್ ಹಾಕಿ. ನಿಲ್ಲಿಸಿ ಸಾರ್. ಕೊಟ್ಟಿಗೆಯಲ್ಲಿ ಇನ್ನು ಉಳಿದಿರುವುದು ಒಂದೇ ಹಸು.

ಇಂತಿ,
ಡೇರಿಗೆ ಹಾಲು ಹಾಕುವವನು, ಮಾಲೂರು ತಾಲ್ಲೂಕು