ಕಳ್ಳತನಕ್ಕೆ ಬೀಗ, ಬೆಂಕಿಗೆ ಬೋರ್ಡು

ಮಾನ್ಯ ಸಂಪಾದಕರೇ,

ಇಲ್ಲಿನ ಟ್ರಯಾಂಗಲ್ ಅನ್ನೋ ಹಳೆಯ ರವಿಕೆ ಕಾರ್ಖಾನೆಯ ಬೆಂಕಿಯ ಸ್ಮರಣೆ ಕಾರ್ಯಕ್ರಮದ ಬಗ್ಗೆ ಭಾನುವಾರ ನೀವು ಹಾಕಿದ ವರದಿ ಓದಿದೆ. ಫೋಟೊ ಚೆನ್ನಾಗಿತ್ತು. ಕೊನೆಯ ಸಾಲು ಓದಿ ಮಾತ್ರ ಮೈ ಉರಿಯಿತು. 1911ರ ಆ ದುರಂತದ ನಂತರ ನ್ಯೂಯಾರ್ಕಿನಲ್ಲಿ ತುರ್ತು ಬಾಗಿಲಿಗೆ ಬೀಗ ಹಾಕುವ ಕಾಲ ಮುಗಿಯಿತು ಅಂತ ಬರೆದಿದ್ದೀರಿ. ಮುಗಿಯಿತಾ? ಹಾಗಾದರೆ ಮಂಗಳವಾರ ರಾತ್ರಿ ನಮ್ಮ ಕಟ್ಟಡದ ಹಿಂದಿನ ಬಾಗಿಲಲ್ಲಿ ನಾನು ಹಿಡಿದು ಜಗ್ಗಿದ ಸೈಕಲ್ ಚೈನು ಏನು, ಗುಡಿಯ ಗಂಟೆಯ ಸರಪಳಿಯಾ?

ನಡೆದದ್ದು ಹೇಳುತ್ತೇನೆ. ರಾತ್ರಿ ಎಂಟೂವರೆ. ಒಲೆ ಮೇಲೆ ಸಾರು ಕುದಿಯುತ್ತಿತ್ತು. ಅಲಾರಂ ಬಡಿದುಕೊಳ್ಳೋಕೆ ಶುರುವಾಯಿತು. ನಮ್ಮದು ಐದನೇ ಮಹಡಿ. ಅಮ್ಮನಿಗೆ 78 ವರ್ಷ, ಎರಡೂ ಮಂಡಿ ಹೋಗಿವೆ, ಊರಿಂದ ಬಂದು ಎರಡು ತಿಂಗಳಾಗಿದೆ ಅಷ್ಟೇ. ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ ಅಂತ ಲಿಫ್ಟಿನ ಪಕ್ಕದಲ್ಲೇ ಬೋರ್ಡಿದೆ. ಮುಂದಿನ ಮೆಟ್ಟಿಲಲ್ಲಿ ಹೊಗೆ ವಾಸನೆ. ಸರಿ ಅಂತ ಹಿಂದಿನ ಮೆಟ್ಟಿಲು ಹಿಡಿದೆವು. ಅಮ್ಮ ಒಂದೊಂದು ಮೆಟ್ಟಿಲಿಗೂ 'ರಾಯರೇ, ರಾಯರೇ' ಅಂತ ಕಂಬಿ ಹಿಡಿದು ಇಳಿದರು. ಕೆಳಗೆ ಹೋಗಿ ನೋಡಿದರೆ ಬಾಗಿಲ ಹಿಡಿಗೆ ಚೈನು, ಚೈನಿಗೆ ಬೀಗ. ಅದರ ಮೇಲೆ 'ಎಕ್ಸಿಟ್' ಅನ್ನೋ ಕೆಂಪು ದೀಪ ಮಾತ್ರ ದೀಪಾವಳಿ ಥರ ಉರಿಯುತ್ತಿತ್ತು!

ಹಿಂದೆ ಹತ್ತಾರು ಜನ ಬಂದು ನಿಂತಿದ್ದರು. ಎಲ್ಲರೂ ಮತ್ತೆ ಹತ್ತಬೇಕು, ಎರಡನೇ ಮಹಡಿಯಿಂದ ಆ ಕಡೆಗೆ ದಾಟಬೇಕು, ಮುಂದಿನ ಮೆಟ್ಟಿಲಲ್ಲಿ ಇಳಿಯಬೇಕು. ಅಮ್ಮನ ಕೈಲಾಗಲಿಲ್ಲ. ಎದುರು ಮನೆಯ ಬಾಂಗ್ಲಾದೇಶದ ಹುಡುಗ ಎತ್ತಿಕೊಂಡು ಬಂದ. ಅವನ ಹೊಟ್ಟೆ ತಣ್ಣಗಿರಲಿ. ಆಮೇಲೆ ಮನೆ ಚಪ್ಪಲಿಯಲ್ಲಿ, ಸ್ವೆಟರ್ ಕೂಡ ಇಲ್ಲದೆ, ಆ ಚಳಿಯಲ್ಲಿ 50 ನಿಮಿಷ ರಸ್ತೆಯಲ್ಲಿ ನಿಂತೆವು. ಕೊನೆಗೆ ಗೊತ್ತಾಗಿದ್ದು, ಮೂರನೇ ಮಹಡಿಯಲ್ಲಿ ಯಾರೋ ಬ್ರೆಡ್ ಸುಟ್ಟುಕೊಂಡಿದ್ದರು. ನಮ್ಮ ಸಾರಿನ ಪಾತ್ರೆಯೂ ಹೋಯಿತು, ಅದು ಬೇರೆ ಕಥೆ. ಅಮ್ಮ ಅವತ್ತಿಂದ ಹಾಸಿಗೆ ಬಿಟ್ಟು ಎದ್ದಿಲ್ಲ.

ಚೈನ್ ಯಾಕಪ್ಪ ಅಂತ ಕೇಳಿದರೆ ಕಟ್ಟಡ ನೋಡಿಕೊಳ್ಳುವ ಸೂಪರ್ ಹೇಳಿದ್ದೇನು ಗೊತ್ತೇ? ಪಾರ್ಸೆಲ್ ಕಳ್ಳತನ ಜಾಸ್ತಿ ಆಗಿದೆಯಂತೆ. ಕಳ್ಳರು ಹಿಂದಿನ ಬಾಗಿಲಿಂದ ಹೋಗುತ್ತಾರಂತೆ. ಮ್ಯಾನೇಜ್‌ಮೆಂಟಿನವರಿಗೆ ಫೋನ್ ಮಾಡಿದರೆ, ಚೈನ್ ಹಾಕಿದ್ದು ನಮಗೆ ಗೊತ್ತೇ ಇಲ್ಲ ಅಂದರು.

ಇವೆರಡೂ ಮಾತು ನನಗೆ ಹೊಸದಲ್ಲ. ನಿಮ್ಮ ವರದಿಗಾರರಿಗೆ ಹೊಸದಿರಬಹುದು, ಯಾಕಂದರೆ ಅವರ ವರದಿಯಲ್ಲಿ ಇವೇ ಬಿಟ್ಟುಹೋಗಿವೆ. ಅವತ್ತು ಟ್ರಯಾಂಗಲ್‌ನ ಹುಡುಗಿಯರು ಗಾಬರಿಯಿಂದ ನೂಕಾಡಿದ್ದರಿಂದ ಸಾವು ಹೆಚ್ಚಾಯಿತು ಅಂತ ಬರೆದಿದ್ದಾರೆ. ಸ್ವಾಮಿ, 9ನೇ ಮಹಡಿಯಲ್ಲಿ ವಾಷಿಂಗ್ಟನ್ ಪ್ಲೇಸ್ ಕಡೆಯ ಬಾಗಿಲಿಗೆ ಬೀಗ ಹಾಕಿತ್ತು. ಮನೆಗೆ ಹೋಗೋ ಹೊತ್ತಿಗೆ ಎಲ್ಲರೂ ಗ್ರೀನ್ ಸ್ಟ್ರೀಟ್ ಕಡೆಯ ಬಾಗಿಲಿಂದಲೇ ಹೋಗಬೇಕಿತ್ತು. ಅಲ್ಲಿ ಒಬ್ಬ ನಿಂತು ಹುಡುಗಿಯರ ಪರ್ಸ್ ಬಿಚ್ಚಿಸಿ ನೋಡುತ್ತಿದ್ದ, ಎಲ್ಲಿ ಒಂದು ರವಿಕೆ, ಒಂದು ತುಂಡು ಲೇಸು ಒಯ್ದುಬಿಡುತ್ತಾರೋ ಅಂತ. ಹಾಗಾದರೆ ಕಳುವಾದ ಮಾಲು ಎಷ್ಟಯ್ಯ ಅಂತ ಕೋರ್ಟಿನಲ್ಲಿ ಕೇಳಿದಾಗ ಮಾಲೀಕ ಐಸಾಕ್ ಹ್ಯಾರಿಸ್ 25 ಡಾಲರ್ ಮೀರದು ಅಂತ ಒಪ್ಪಿಕೊಂಡ. 25 ಡಾಲರಿನ ಬಟ್ಟೆ ಕಾಯೋಕೆ ಹಾಕಿದ ಬೀಗ ಅದು. ಸತ್ತವರು 146 ಜನ. ಬಹುಪಾಲು ಯಹೂದಿ, ಇಟಾಲಿಯನ್ ವಲಸೆಗಾರರ ಮನೆಯ ಹೆಣ್ಣುಮಕ್ಕಳು. 14 ವರ್ಷದವರೂ ಇದ್ದರು.

ನನ್ನ ಚಿಕ್ಕಮ್ಮನ ಮಗಳು ಬೆಂಗಳೂರಲ್ಲಿ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಸಂಜೆ ಗೇಟಿನಲ್ಲಿ ಬ್ಯಾಗ್ ಬಿಚ್ಚಿ ತೋರಿಸಿಯೇ ಹೊರಗೆ ಬರಬೇಕು ಅಂತ ಅವಳೇ ಹೇಳಿದ್ದು. ಇರಲಿ.

ಇನ್ನು 'ನಮಗೆ ಗೊತ್ತಿಲ್ಲ' ಅನ್ನೋ ಮಾತು. ಹ್ಯಾರಿಸ್, ಅವನ ಪಾಲುದಾರ ಮ್ಯಾಕ್ಸ್ ಬ್ಲಾಂಕ್ ಇಬ್ಬರೂ ಅದೇ 1911ರ ಡಿಸೆಂಬರಿನಲ್ಲಿ ಬಿಡುಗಡೆಯಾದರು. ಬೆಂಕಿಯ ಹೊತ್ತಿನಲ್ಲಿ ಬೀಗ ಹಾಕಿತ್ತು ಅಂದರೆ ಸಾಲದು, ಹಾಕಿದ್ದು ಮಾಲೀಕರಿಗೆ ಗೊತ್ತಿತ್ತು ಅಂತಲೂ ಸಾಬೀತಾಗಬೇಕು ಅಂದುಬಿಟ್ಟರು ಜಡ್ಜ್. ಆಮೇಲೆ 1914ರಲ್ಲಿ ದಾವೆ ಹೂಡಿದ ಮನೆಯವರಿಗೆ ಒಂದು ಜೀವಕ್ಕೆ 75 ಡಾಲರಿನಂತೆ ಕೊಟ್ಟು ಕೈ ತೊಳೆದುಕೊಂಡರು. ಅಷ್ಟರಲ್ಲೇ, 1913ರಲ್ಲಿ, ಬ್ಲಾಂಕ್ ಇನ್ನೊಂದು ಕಾರ್ಖಾನೆಯಲ್ಲಿ ಮತ್ತೆ ಬಾಗಿಲಿಗೆ ಬೀಗ ಹಾಕಿಸಿ ಸಿಕ್ಕಿಬಿದ್ದಿದ್ದ. ದಂಡ 20 ಡಾಲರ್! ಬೀಗ ಹಾಕೋ ಕಾಲ ಮುಗಿದಿತ್ತಂತೆ.

ಫೋಟೊ ಕೆಳಗಿನ ಸಾಲಿನಲ್ಲಿ 'ವಾಷಿಂಗ್ಟನ್‌ನಲ್ಲಿ ನಡೆದ ಕಾರ್ಯಕ್ರಮ' ಅಂತ ಹಾಕಿದ್ದೀರಿ. ನಡೆದದ್ದು ವಾಷಿಂಗ್ಟನ್ ಪ್ಲೇಸಿನಲ್ಲಿ. ಅದು ಮ್ಯಾನ್‌ಹಟನ್ನಿನ ಒಂದು ಬೀದಿ, ನಮ್ಮ ಜಾಕ್ಸನ್ ಹೈಟ್ಸ್‌ನಿಂದ ಸಬ್‌ವೇಯಲ್ಲಿ ಹೋಗಿ ಬರಬಹುದು. ಅದೇ ಫೋಟೊದಲ್ಲಿ ಅಗ್ನಿಶಾಮಕದವರ ಏಣಿ 6ನೇ ಮಹಡಿಗೆ ನಿಂತಿದೆ. ಯಾಕೆ ಅಲ್ಲಿಗೇ ನಿಲ್ಲಿಸುತ್ತಾರೆ ಅಂತ ಒಂದು ಮಾತೂ ಇಲ್ಲ. ಅವತ್ತು ಏಣಿ ಮುಟ್ಟಿದ್ದೇ ಅಲ್ಲಿಗೆ. ಕಾರ್ಖಾನೆ ಇದ್ದಿದ್ದು 8, 9, 10ನೇ ಮಹಡಿಯಲ್ಲಿ. ನಾನೂ ಮಗಳೂ ಬೆಂಕಿ ಬಿದ್ದ ದಿನವಾದ ಮಾರ್ಚ್ 25ರಂದು ಹೋಗಿದ್ದೆವು. ಸತ್ತವರು ಬದುಕಿದ್ದ ಮನೆಗಳ ಮುಂದೆ ಅವರ ಹೆಸರು, ವಯಸ್ಸನ್ನು ಸೀಮೆಸುಣ್ಣದಲ್ಲಿ ಬರೆಯುತ್ತಾರಲ್ಲ, ಮಗಳು ಈಸ್ಟ್ ವಿಲೇಜಿನಲ್ಲಿ ಒಂದು ಹೆಸರು ಗುಲಾಬಿ ಬಣ್ಣದಲ್ಲಿ ಬರೆದಳು. ಅವಳು ಕೈ ಒರೆಸಿಕೊಳ್ಳುತ್ತಿದ್ದ ಹಾಗೇ ಪಕ್ಕದ ಅಂಗಡಿಯವನು ಫುಟ್‌ಪಾತ್ ತೊಳೆಯೋಕೆ ಬಕೆಟ್ ನೀರು ಸುರಿದ. 'ಪಪ್ಪಾ, ಮತ್ತೆ ಬರೀಲಾ?' ಅಂದಳು. ಬರೆ ಅಂದೆ.

ಈ ಊರಿನ ಅಧಿಕಾರಿಗಳ ವಿಷಯಕ್ಕೆ ಬಂದರೆ ಆಗಿನವರಿಗೂ ಈಗಿನವರಿಗೂ ಒಂದೇ ಜಾತಕ. ಟ್ರಯಾಂಗಲ್ ಇದ್ದ ಕಟ್ಟಡದ ನಕ್ಷೆ ಬಂದಾಗ ಮೂರು ಮೆಟ್ಟಿಲು ಬೇಕು ಅನ್ನೋ ಪ್ರಶ್ನೆ ಎದ್ದಿತ್ತು. ಹಿಂದುಗಡೆ ಕಬ್ಬಿಣದ ಏಣಿ ಇದೆಯಲ್ಲ, ಅದನ್ನೇ ಮೂರನೆಯದು ಅಂತ ಲೆಕ್ಕ ಹಾಕಿಕೊಂಡರು. ಬೆಂಕಿಯ ದಿನ ಅದು ಜನರ ಭಾರಕ್ಕೆ ಕಳಚಿ ಬಿತ್ತು. ಬಾಗಿಲು ಹೊರಗಡೆಗೆ ತೆರೆಯಬೇಕು ಅಂತ ಕಾನೂನು ಇತ್ತು, ಆದರೆ ಅದರ ಬಾಲಕ್ಕೆ 'ಸಾಧ್ಯವಾದಲ್ಲಿ' ಅಂತ ಒಂದು ಪದ ಅಂಟಿಸಿದ್ದರು. ಮೆಟ್ಟಿಲ ಮುಂದಿನ ಜಾಗ ಇಕ್ಕಟ್ಟು, ಹಾಗಾಗಿ ಸಾಧ್ಯವಾಗಲಿಲ್ಲ, ಮುಗಿಯಿತು. ಬೆಂಕಿ ಆರಿದ ಮೇಲೆ ಕಟ್ಟಡದ ಇಲಾಖೆಯವರು ಕಾರ್ಮಿಕ ಇಲಾಖೆ ಕಡೆ ಬೆರಳು ತೋರಿಸಿದರು, ಅವರು ಇವರ ಕಡೆ.

ನನ್ನ ಕಥೆಯೂ ಕೇಳಿ. ಹೋದ ಜನವರಿಯಲ್ಲಿ ಒಂಬತ್ತು ದಿನ ಬಿಸಿನೀರಿರಲಿಲ್ಲ. ದೂರು ಕೊಟ್ಟೆ. ಇನ್‌ಸ್ಪೆಕ್ಟರ್ ಬಂದಿದ್ದರಂತೆ, ಮನೆಯಲ್ಲಿ ಯಾರೂ ಇರಲಿಲ್ಲವಂತೆ, ಹಾಗಂತ ಬಾಗಿಲಿಗೆ ಚೀಟಿ ಸಿಕ್ಕಿಸಿ ಹೋಗಿದ್ದರು. ನಾನು ಬಾಗಿಲ ಹಿಂದೆಯೇ ಕೂತು ಕಾಫಿ ಕುಡಿಯುತ್ತಿದ್ದೆ! ಬೆಲ್ ಒತ್ತೋದು ಅವರಿಗೆ ಸಾಧ್ಯವಾಗಲಿಲ್ಲ ಅಂತ ಕಾಣುತ್ತದೆ. ನಮ್ಮ ಬೀದಿಯ ಕಸದ ಮೂಟೆಗಳ ಬಗ್ಗೆ ನಾನು ಇದೇ ಅಂಕಣಕ್ಕೆ ಹಿಂದೆ ಎರಡು ಸಲ ಬರೆದಿದ್ದೇನೆ. ಮೂಟೆ ಅಲ್ಲೇ ಇವೆ. ಇಲಿಗಳು ನನ್ನನ್ನು ಗುರುತು ಹಿಡಿಯುತ್ತವೆ.

ಒಳ್ಳೆಯ ಅಧಿಕಾರಿಗಳೇ ಇರಲಿಲ್ಲ ಅಂತಲ್ಲ. ಫ್ರಾನ್ಸೆಸ್ ಪರ್ಕಿನ್ಸ್ ಅನ್ನೋ ಹೆಣ್ಣುಮಗಳು ಅವತ್ತು ರಸ್ತೆಯಲ್ಲಿ ನಿಂತು ಹುಡುಗಿಯರು ಕಿಟಕಿಯಿಂದ ಬೀಳೋದನ್ನು ಕಣ್ಣಾರೆ ಕಂಡವರು. ಆಮೇಲೆ ಕಾರ್ಖಾನೆಗಳ ತನಿಖೆಗೆ ಆಯೋಗ ಕೂತಿತು. ಅದರ ಅಧ್ಯಕ್ಷ ರಾಬರ್ಟ್ ವ್ಯಾಗ್ನರ್ ಅನ್ನೋ ಸೆನೆಟರ್. ಪರ್ಕಿನ್ಸ್ ಈ ವ್ಯಾಗ್ನರ್ ಅವರನ್ನು ಒಂದು ಕಾರ್ಖಾನೆಗೆ ಕರೆದುಕೊಂಡು ಹೋಗಿ, ಗೋಡೆಯ ಒಂದು ಕಿಂಡಿಯಲ್ಲಿ ತೆವಳಿಸಿದರು. ಆಚೆ ಮಂಜುಗಡ್ಡೆ ಹಿಡಿದ ಕಬ್ಬಿಣದ ಏಣಿ, ನೆಲಕ್ಕೆ ಇನ್ನೂ 12 ಅಡಿ ಇರುವಾಗಲೇ ಮುಗಿದುಹೋಗಿತ್ತು. ಅದಕ್ಕೆ ಬೋರ್ಡು ಬೇರೆ, ಬೆಂಕಿ ಬಿದ್ದರೆ ಪಾರಾಗುವ ದಾರಿ ಅಂತ! ಹಾಗೆ ತೆವಳಿದ ಮೇಲೆ ಕಾನೂನುಗಳು ಪಟಪಟ ಬಂದವು. ವರದಿ ಓದಿಕೊಂಡು ಆಫೀಸಿನಲ್ಲೇ ಕೂತಿದ್ದರೆ ಬರುತ್ತಿದ್ದವಾ? ಪರ್ಕಿನ್ಸ್ 1933ರಲ್ಲಿ ಕಾರ್ಮಿಕ ಮಂತ್ರಿಯೂ ಆದರು, ಅಮೆರಿಕದ ಮಂತ್ರಿಮಂಡಲದಲ್ಲಿ ಮೊದಲ ಹೆಂಗಸು.

ಆದರೆ ಅದಕ್ಕೂ ಮುಂಚೆ, 1909ರಲ್ಲಿ, ಟ್ರಯಾಂಗಲ್‌ನ ಹುಡುಗಿಯರೇ ಮುಷ್ಕರ ಹೂಡಿ ಬೀದಿಗೆ ಬಂದಿದ್ದರು. 20 ಸಾವಿರ ಜನರ ಮುಷ್ಕರ ಅದು. ಆಗ ಪೊಲೀಸರು ಅವರನ್ನೇ ಹಿಡಿದು ಒಳಗೆ ಹಾಕಿದರು, ಟ್ರಯಾಂಗಲ್ ಮಾಲೀಕರು ಸಂಘವನ್ನು ಒಪ್ಪಲೇ ಇಲ್ಲ. ಇದನ್ನೂ ನೀವು ಬರೆದಿಲ್ಲ. ಜಾಗ ಸಾಲಲಿಲ್ಲವೇನೋ. ಪಕ್ಕದಲ್ಲಿ ಅರ್ಧ ಪುಟ ಹೋಳಿಗೆ ಮೇಳದ ಜಾಹೀರಾತು ಇತ್ತು, ನೋಡಿದೆ.

ಈಗ ಸಂಬಂಧಪಟ್ಟವರು ಕೂಡಲೇ ಏನಾದರೂ ಮಾಡಬೇಕು. ಚೈನು ತೆಗೆಯಬೇಕು, ಪಾರ್ಸೆಲ್ ಕಳ್ಳರನ್ನೂ ಹಿಡಿಯಬೇಕು, ಎರಡೂ ಆಗಬೇಕು. ಆ ಇನ್‌ಸ್ಪೆಕ್ಟರ್ ನಮ್ಮ ಐದನೇ ಮಹಡಿಯಿಂದ ಒಂದು ಸಲ ಹಿಂದಿನ ಮೆಟ್ಟಿಲಲ್ಲಿ ಇಳಿದು ನೋಡಲಿ, ಬೇಕಿದ್ದರೆ ನಾನೇ ಹಿಂದಿನಿಂದ ಅಲಾರಂ ಹೊಡೆಯುತ್ತೇನೆ. ನೀವೂ ಆ ಕೊನೆಯ ಸಾಲನ್ನು ತಿದ್ದಿ ಹಾಕಿ. ವಾಷಿಂಗ್ಟನ್ ಪ್ಲೇಸನ್ನೂ ತಿದ್ದಿ. ಈ ಪತ್ರ ಬರೆಯುವ ಹೊತ್ತಿಗೆ ಕೆಳಗೆ ಹೋಗಿ ನೋಡಿಕೊಂಡು ಬಂದೆ. ಹಳೆ ಚೈನ್ ತೆಗೆದಿದ್ದಾರೆ. ಹೊಸದು ಹಾಕಿದ್ದಾರೆ, ದಪ್ಪಗಿದೆ.

ಇತಿ,
ನಿಮ್ಮ ಹಳೆಯ ಓದುಗ
ಜಾಕ್ಸನ್ ಹೈಟ್ಸ್, ಕ್ವೀನ್ಸ್