ಅಕ್ಕನಿಗೆ, ಮತ್ತು ನಿಮ್ಮೆಲ್ಲರಿಗೂ

ಊರುಗೋಲಿನ ಆಸರೆಯಿಲ್ಲದೆ ಈ ವಾರ ಮತ್ತೆ ಟೆನಿಸ್ ಕಲಿಸಲು ಮಕ್ಕಳೆದುರು ನಿಂತಿದ್ದೇನೆ. ಮಂಗಳೂರಿನ ಆಸ್ಪತ್ರೆಯಲ್ಲಿ ನಡೆದುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದರಿಂದ ಅದನ್ನು ಪುನಃ ಬರೆಯುವುದಿಲ್ಲ. ಆರೈಕೆ ಮಾಡಿದ ವೈದ್ಯರು ಮತ್ತು ದಾದಿಯರು, ರಕ್ತ ಕೊಟ್ಟ ಕುಂಬಳೆಯ ಯುವಕರು, ದಿನವೂ ತಲಪಾಡಿಯ ರಾಜ್ಯಗಡಿ ದಾಟಿ ಊಟ ತಂದ ಬಂಧುಗಳು, ಪ್ರಯಾಣದ ಖರ್ಚೂ ಹುಟ್ಟದ ಸಣ್ಣ ಟೂರ್ನಿಗಳಲ್ಲಿ ಒಂದು ಕಾಲಕ್ಕೆ ನನ್ನೊಡನೆ ಕೊಠಡಿ ಹಂಚಿಕೊಂಡಿದ್ದ ಗೆಳತಿಯರು, ಶಾಲೆಯ ಮೈದಾನವನ್ನು ನಮಗಾಗಿ ಕಾದಿರಿಸಿದ ಮುಖ್ಯೋಪಾಧ್ಯಾಯರು, ಎಲ್ಲರಿಗೂ ನನ್ನ ಮನಃಪೂರ್ವಕ ವಂದನೆಗಳು.

ಆದರೆ ಒಬ್ಬರ ಬಗ್ಗೆ ವಿವರವಾಗಿ ಬರೆಯಲೇಬೇಕು. ಅವರು ನನ್ನ ಶಿಷ್ಯೆಯೊಬ್ಬಳ ತಾಯಿ. ಬೀಡಿ ಕಟ್ಟಿ ಸಂಸಾರ ನಡೆಸುವವರು. ಹೆಸರು ಹಾಕಬಾರದೆಂದು ಕೇಳಿಕೊಂಡಿರುವುದರಿಂದ ಎಲ್ಲರೂ ಕರೆಯುವಂತೆ ಅಕ್ಕ ಎಂದೇ ಬರೆಯುತ್ತೇನೆ. ಶಸ್ತ್ರಚಿಕಿತ್ಸೆಯ ಮರುದಿನ ರಾತ್ರಿ ಜ್ವರ ಏರುತ್ತಲೇ ಹೋದಾಗ ಬೆಳಗಿನವರೆಗೆ ನನ್ನ ಪಕ್ಕದಲ್ಲಿ ಕುಳಿತವರು ಅವರು. ಇನ್ನು ನನ್ನಿಂದಾಗದು, ಮಕ್ಕಳನ್ನು ಬೇರೆಲ್ಲಿಗಾದರೂ ಸೇರಿಸಿ ಎಂದು ನಾನು ಗೋಡೆಯತ್ತ ಮುಖ ಮಾಡಿ ಅತ್ತೆ. ವೃತ್ತಿಪರ ಆಟ ಬಿಟ್ಟ ದಿನವೂ ಹಾಗೆ ಅತ್ತಿರಲಿಲ್ಲ. ಅಕ್ಕ ಸಮಾಧಾನದ ಮಾತು ಆಡಲಿಲ್ಲ. ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸಿ, "ಟೀಚರ್, ಸಣ್ಣ ಮಕ್ಕಳಿಗೆ ನೆಟ್ ಎಷ್ಟು ಎತ್ತರಕ್ಕೆ ಕಟ್ಟಬೇಕು?" ಎಂದು ಕೇಳಿದರು.

80 ಸೆಂಟಿಮೀಟರ್ ಎಂದೆ. ಪೂರ್ಣ ಕೋರ್ಟಿನ ಉದ್ದ 23.77 ಮೀಟರ್ ಆದರೂ ಕೆಂಪು ಚೆಂಡಿನಲ್ಲಿ ಆಡುವ ಮಕ್ಕಳಿಗೆ 11 ಮೀಟರ್ ಸಾಕು, ಆ ಚೆಂಡು ಸಾಮಾನ್ಯ ಚೆಂಡಿಗಿಂತ ಶೇಕಡಾ 75ರಷ್ಟು ನಿಧಾನ, ಆದ್ದರಿಂದ ಪುಟ್ಟ ಮಗುವೂ ಚೆಂಡಿನ ಹಿಂದೆ ಓಡಿ ಸೋಲದೆ, ನಿಂತು ಹೊಡೆಯಲು ಕಲಿಯುತ್ತದೆ ಎಂದು ವಿವರಿಸುತ್ತ ಹೋದೆ. ಅಕ್ಕ ತಮ್ಮ ಬೀಡಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಎಲ್ಲವನ್ನೂ ಬರೆದುಕೊಂಡರು. ಜ್ವರ ಯಾವಾಗ ಇಳಿಯಿತೋ ನನಗೆ ತಿಳಿಯಲಿಲ್ಲ. ಊರಿಗೆ ಮರಳಿದ ಮೇಲೆ ಅವರು ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ದೊಡ್ಡ ಹುಡುಗಿಯರನ್ನು ಜೊತೆಗಿಟ್ಟುಕೊಂಡು, ನಾನು ಬರುವವರೆಗೂ ಅಭ್ಯಾಸ ನಿಲ್ಲದಂತೆ ನೋಡಿಕೊಂಡರು.

ಹೈಸ್ಕೂಲಿಗೆ ಬಂದ ಹುಡುಗಿಯರನ್ನು ಆಟದಿಂದ ಬಿಡಿಸಬೇಡಿ ಎಂದು ಗಡಿನಾಡಿನ ಕನ್ನಡ ಶಾಲೆಗಳ ರಕ್ಷಕರ ಸಭೆಗಳಲ್ಲಿ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಅಮೆರಿಕನ್ ಓಪನ್‌ನಲ್ಲಿ 1973ರಲ್ಲೇ ಮಹಿಳೆಯರಿಗೆ ಸಮಾನ ಬಹುಮಾನ ದೊರೆತರೂ ವಿಂಬಲ್ಡನ್‌ನಲ್ಲಿ ಅದಕ್ಕಾಗಿ 2007ರವರೆಗೆ ಕಾಯಬೇಕಾಯಿತು ಎಂಬುದನ್ನೂ ಹೇಳುತ್ತಿದ್ದೆ. ಜನ ಗೌರವದಿಂದ ಕೇಳುತ್ತಿದ್ದರು. ನಾನಿಲ್ಲದಾಗ ನಡೆದ ಸಭೆಯಲ್ಲಿ ಅಕ್ಕ ಎದ್ದುನಿಂತು, ತಮ್ಮ ಮಗಳು ಹತ್ತನೆಯ ತರಗತಿಯಲ್ಲೂ ಆಡುತ್ತಾಳೆ ಎಂದಷ್ಟೇ ಹೇಳಿದರಂತೆ. ಬಿಟ್ಟುಹೋಗಿದ್ದ ಹುಡುಗಿಯರಲ್ಲಿ ಇಬ್ಬರು ಮರುವಾರವೇ ರ‍್ಯಾಕೆಟ್ ಹಿಡಿದು ಬಂದಿದ್ದಾರೆ.

ಅಕ್ಕನನ್ನು ಕ್ರಮಬದ್ಧವಾಗಿ ತರಬೇತುದಾರರನ್ನಾಗಿ ರೂಪಿಸಬೇಕೆಂಬುದು ಈಗ ನನ್ನ ಆಸೆ, ಅವರೂ ಒಪ್ಪಿದ್ದಾರೆ. ಅದಕ್ಕೆ ಬೇಕಾದ ಪಾಠಗಳನ್ನು ಕನ್ನಡದಲ್ಲಿ ಬರೆಯತೊಡಗಿದ್ದೇನೆ. ಚಿತ್ರ ಬಿಡಿಸಿಕೊಡಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.