ಭಾನುವಾರ ಮಾತ್ರೆ ಚೀಟಿ ತನ್ನಿ: ಅಮಾನಿಕೆರೆ ವಾಕಿಂಗ್ ಗುಂಪಿಗೆ

ಎಲ್ಲರಿಗೂ ನಮಸ್ಕಾರ 🙏

ಈ ಭಾನುವಾರ ಬೆಳಿಗ್ಗೆ 7 ಗಂಟೆಗೆ, ವಾಕಿಂಗ್ ಮುಗಿದ ಮೇಲೆ, ಅಮಾನಿಕೆರೆ ಪಾರ್ಕಿನಲ್ಲೇ ಅರ್ಧ ಗಂಟೆ ಕೂರೋಣ. ನಮ್ಮ ಗುಂಪಿನ ಫಾರ್ಮಸಿಸ್ಟ್ ಒಬ್ಬರು ಯಾವ ಮಾತ್ರೆ ಯಾವಾಗ ಅಂತ ಬಿಡಿಸಿ ಹೇಳುತ್ತಾರೆ. ಬಿಪಿ, ಹೃದಯ, ಥೈರಾಯ್ಡ್, ಮೂಳೆ ಸವೆತಕ್ಕೆ ಮಾತ್ರೆ ತಗೊಳ್ಳುವವರು ತಪ್ಪದೆ ಬನ್ನಿ.

ನಮ್ಮತ್ತೆ ಆರು ತಿಂಗಳು ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಎರಡನ್ನೂ ಬೆಳಗಿನ ಕಾಫಿ ಜೊತೆ ಒಟ್ಟಿಗೆ ನುಂಗುತ್ತಿದ್ದರು. ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ನೋಡುವ ಹಾರ್ಮೋನ್) ಇಳಿಯಲೇ ಇಲ್ಲ. ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಬರೀ ನೀರಿನಲ್ಲಿ. ಆಮೇಲೆ ಅರ್ಧದಿಂದ 1 ಗಂಟೆ ಕಾಫಿ, ತಿಂಡಿ ಬೇಡ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೆ 4 ಗಂಟೆ ಬಿಡಬೇಕು. ಮೂಳೆಗೆ ವಾರಕ್ಕೊಮ್ಮೆ ಅಲೆಂಡ್ರೊನೇಟ್ ತಗೊಳ್ಳುವವರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ದೊಡ್ಡ ಲೋಟ ನೀರಲ್ಲಿ ನುಂಗಿ, ಅರ್ಧ ಗಂಟೆ ಮಲಗಬಾರದು. ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗಬಹುದು.

ಬಿಪಿ ನಾರ್ಮಲ್ ಬಂತು ಅಂತ ಬಿಪಿ, ಹೃದಯದ ಮಾತ್ರೆ ಮೆಟೊಪ್ರೊಲಾಲ್ ಸುಮ್ನೆ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ಹಲ್ಲು ಕೀಳಿಸುವಾಗಲೂ ಹೃದಯದ ಡಾಕ್ಟರನ್ನು ಕೇಳದೆ ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಬಿಡಬಾರದು. ಇದಂತೂ ಜೀವದ ಪ್ರಶ್ನೆ.

ಡಾಕ್ಟರ್ ಚೀಟಿ ಮತ್ತು ಎಲ್ಲ ಮಾತ್ರೆ ಶೀಟ್ ತನ್ನಿ. ಬಿಡಿಸಿ ಡಬ್ಬಿಗೆ ಹಾಕಿಕೊಂಡು ಬರಬೇಡಿ, ಹೆಸರು ಕಾಣಬೇಕು ಅಲ್ವಾ. ಡೋಸ್ ಬದಲಿಸುವುದು ಮಾತ್ರ ನಿಮ್ಮ ಡಾಕ್ಟರೇ.

ಬರುವವರು ಶನಿವಾರ ಸಂಜೆಯೊಳಗೆ ‘ಬರ್ತೀನಿ’ ಅಂತ ಇಲ್ಲಿ ಹಾಕಿ. ಕಾಯಿಲೆ ವಿವರ ಗುಂಪಿನಲ್ಲಿ ಬೇಡ. ನಡೆಯಲು ಆಗದ ಹಿರಿಯರಿದ್ದರೆ ಮನೆಯವರು ಯಾರಾದರೂ ಚೀಟಿ ತಂದರೂ ಸಾಕು.